ಹೆಗಲಿಗೆ ತಾಗದ ತೊಲೆ

ಬೂಟು ಹೊಲಿಯುವ ಫೆರ್ಮಿನ್ ತನ್ನ ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಊರವರ ಕಾಲಿಗೆ ಎಷ್ಟು ಜೊತೆ ಬೂಟು ಮಾಡಿಕೊಟ್ಟನೋ ಅವನಿಗೇ ನೆನಪಿಲ್ಲ. ಮೋಸದ ಬೂಟು ಅಂತ ಮಾಡಿದ್ದು ಮಾತ್ರ ಒಂದೇ ಜೊತೆ, ಅದೂ ತನ್ನ ಕಾಲಿಗೆ. ಹೊರಗಿನಿಂದ ನೋಡಿದರೆ ಸಾಧಾರಣ ಕಪ್ಪು ಬೂಟು. ಒಳಗೆ ಹಿಮ್ಮಡಿಯ ಕೆಳಗೆ ಮೂರು ಬೆರಳು ದಪ್ಪದ ಮರದ ತುಂಡು, ಅದರ ಮೇಲೆ ಚರ್ಮದ ಎರಡು ಪದರ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಎರಡನೆಯ ವಾರ ಅಂಗಡಿಯ ಬಾಗಿಲು ಅಡ್ಡ ಮಾಡಿಕೊಂಡು ಅದನ್ನು ಹೊಲಿದು ಮುಗಿಸಿ, ಹಾಕಿಕೊಂಡು, ಗೋಡೆ ಹಿಡಿದು ನಿಂತಾಗ ಅವನಿಗೆ ನಾಚಿಕೆಯೂ ಆಯಿತು, ಒಂದಿಷ್ಟು ಧೈರ್ಯವೂ ಬಂತು.

ನಮ್ಮೂರಲ್ಲಿ ಶುಭ ಶುಕ್ರವಾರ ಬೆಳಿಗ್ಗೆ ಶಿಲುಬೆ ಹೊತ್ತ ಯೇಸುವಿನ ಮೂರ್ತಿ ಬೀದಿಗೆ ಬರುವುದು ಗಂಡಸರ ಹೆಗಲ ಮೇಲೆ. ಮರದ ಪಲ್ಲಕ್ಕಿ ಎಷ್ಟು ಭಾರವೆಂದರೆ ಒಂದು ಸಲಕ್ಕೆ ಎಂಬತ್ತು ಹೆಗಲು ಬೇಕು. ಒಂದು ಬೀದಿ ದಾಟುವಷ್ಟರಲ್ಲಿ ಆ ಎಂಬತ್ತು ಮಂದಿ ಬಸವಳಿದು, ಬೇರೆ ಎಂಬತ್ತು ಮಂದಿ ಒಳಗೆ ನುಗ್ಗುತ್ತಾರೆ. ತೊಲೆ ಓರೆಯಾಗಬಾರದು ಅಂತ ತಪಸ್ಸುಕಾಲದಲ್ಲೇ ಇಗರ್ಜಿಯ ಅಂಗಳದಲ್ಲಿ ಎಲ್ಲರನ್ನೂ ಅಳೆಯುತ್ತಾರೆ. ಆಳಿನ ಎತ್ತರವನ್ನಲ್ಲ, ಹೆಗಲಿನ ಎತ್ತರವನ್ನು. ಗುರುತು ಕೊರೆದ ಕೋಲಿಗೆ ಬೆನ್ನು ಕೊಟ್ಟು ನಿಂತರೆ ಪಲ್ಲಕ್ಕಿಯ ಉಸ್ತುವಾರಿಯ ದೋನ್ ಮಕಾರಿಯೊ ಹೆಗಲಿಗೆ ಅಡ್ಡಪಟ್ಟಿ ತಾಗಿಸಿ ನೋಡಿ, ಯಾವ ಸರದಿ, ಯಾವ ಜಾಗ ಅಂತ ಚೀಟಿ ಬರೆದುಕೊಡುತ್ತಾನೆ.

ಹಿಂದಿನ ವರ್ಷ ಅದೇ ಮಕಾರಿಯೊ ನಾಲ್ಕು ಜನರ ಎದುರು, ದೋನ್ ಎಂದು ಮರ್ಯಾದೆಯಿಂದಲೇ ಕರೆದು, ಅಂದಿದ್ದ: "ದೋನ್ ಫೆರ್ಮಿನ್, ನಿಮ್ಮ ಹೆಗಲು ಇಳೀತಾ ಇದೆಯಲ್ಲ. ಹಿಂಗೇ ಆದ್ರೆ ಮುಂದಿನ ವರ್ಷ ನಿಮ್ಮನ್ನ ಮಕ್ಕಳ ಪಲ್ಲಕ್ಕಿಗೆ ಕಳಿಸ್ಬೇಕಾಗುತ್ತೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಫೆರ್ಮಿನ್ ಕೂಡ ನಕ್ಕ. ಮನೆಗೆ ಬಂದು ತನ್ನ ಬಾಗಿದ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಒತ್ತಿ ನೋಡಿದ. ಐವತ್ತು ವರ್ಷ ಬೂಟಿನ ಅಚ್ಚಿನ ಮೇಲೆ ಬಗ್ಗಿ ಕೂತ ಬೆನ್ನು ಅದು, ನೆಟ್ಟಗಾಗುವ ಮಾತೇ ಇಲ್ಲ. ಬೇರೆಯವರಾದರೆ ಸರಿ, ವಯಸ್ಸಾಯಿತು ಅಂತ ಬೀದಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಮೆರವಣಿಗೆ ನೋಡುತ್ತಿದ್ದರು. ಆದರೆ ಆ ವರ್ಷದ್ದೂ ಸೇರಿ ಫೆರ್ಮಿನ್ ಹೊತ್ತದ್ದು ನಲವತ್ತೊಂಬತ್ತು ಸಲ. ಅವನ ಹರಕೆ ಐವತ್ತು ಸಲದ್ದು. ಆ ಐವತ್ತನೆಯದು ಆಗದಿದ್ದರೆ ತನಗೆ ಕ್ಷಮೆ ಇಲ್ಲ ಎಂದು ಅವನು ಪೂರ್ತಿ ನಂಬಿದ್ದ.

ಈ ವರ್ಷ ಹೊಸ ಬೂಟಿನಲ್ಲಿ ಉಸಿರು ಬಿಗಿಹಿಡಿದು ಕೋಲಿಗೆ ಬೆನ್ನು ಕೊಟ್ಟು ನಿಂತ. ಮಕಾರಿಯೊ ಅಡ್ಡಪಟ್ಟಿ ಇಳಿಸಿದ, ಏರಿಸಿದ.

"ಏನ್ರೀ ಇದು, ಎಪ್ಪತ್ತು ದಾಟಿದ ಮೇಲೆ ಬೆಳೆಯೋಕೆ ಶುರು ಮಾಡಿದೀರಲ್ಲ?"

"ನಾನು ಮಾಡೋ ಅಡುಗೆ ಹಂಗಿದೆ. ತಿಂದವರು ಓಡಿಹೋಗೋಕೆ ಅಂತ ಕಾಲು ಉದ್ದ ಮಾಡ್ಕೋತಾರೆ," ಅಂದ ಫೆರ್ಮಿನ್.

ಮಕಾರಿಯೊ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ ಹಳೆಯ ಜಾಗವನ್ನೇ ಬರೆದ. ಎಡಗಡೆಯ ತೊಲೆ, ಹದಿನೇಳನೆಯ ಹೆಗಲು.

ಹರಕೆ ಯಾತಕ್ಕೆ ಅಂತ ಕೇಳಿದರೆ ನಮ್ಮ ಬೀದಿಯವರೆಲ್ಲ ಒಂದೇ ಉತ್ತರ ಕೊಡುತ್ತಾರೆ. ಭೂಕಂಪದಲ್ಲಿ ತಮ್ಮ ತೇಯೊನ ಜೀವ ಉಳಿಯಿತಲ್ಲ, ಅದಕ್ಕೆ. ಫೆರ್ಮಿನ್ ಊರಿಗೆ ಹೇಳಿದ್ದೂ ಅದನ್ನೇ. ಭೂಕಂಪವಾದ ಮೂರನೆಯ ದಿನ, ಮಧ್ಯಾಹ್ನ, ಅಣ್ಣತಮ್ಮಂದಿರು ಅರೆಬಿದ್ದ ಮನೆಯೊಳಗೆ ಹೋಗಿದ್ದರು. ಅಪ್ಪ ಬಿಟ್ಟುಹೋದ ಮರದ ಅಚ್ಚುಗಳನ್ನೂ ಚರ್ಮದ ಸುರುಳಿಯನ್ನೂ ತೆಗೆದು ತರೋಣ, ಇಲ್ಲದಿದ್ದರೆ ಹೊಟ್ಟೆಗೇನು ಅಂತ. ಫೆರ್ಮಿನ್‌ಗೆ ಇಪ್ಪತ್ತೆರಡು, ತೇಯೊಗೆ ಹದಿನಾರು. ನೆಲ ಇನ್ನೊಂದು ಸಲ ನಡುಗಿತು. ಮಣ್ಣಿನ ಗೋಡೆ ಕುಸಿದು, ಮಾಡಿನ ತೊಲೆ ತೇಯೊನ ಕಾಲ ಮೇಲೆ ಬಿತ್ತು. ತಾನು ಆಗ ನೀರು ತರಲು ಬೀದಿಗೆ ಹೋಗಿದ್ದೆ ಎಂದು ಫೆರ್ಮಿನ್ ಅಮ್ಮನಿಗೆ ಹೇಳಿದ, ಊರಿಗೆ ಹೇಳಿದ, ಪಾದ್ರಿಗೂ ಹೇಳಿದ.

ಅದು ಸುಳ್ಳು. ಅವನು ಒಳಗೇ ಇದ್ದ. ದೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಬಾಗಿಲ ಕಡೆ ನುಗ್ಗಿದವನ ಎಡಗಾಲನ್ನು ಒಂದು ಕೈ ಹಿಡಿಯಿತು. "ಅಣ್ಣಾ" ಅಂತ ಕೂಗು ಕೇಳಿತು. ಫೆರ್ಮಿನ್ ಕಾಲು ಎಳೆದುಕೊಂಡ. ಕೈ ಬಿಡಲಿಲ್ಲ. ಇನ್ನೂ ಜೋರಾಗಿ ಎಳೆದ. ಬೂಟು ಆ ಕೈಯಲ್ಲೇ ಉಳಿದು ಬರಿಗಾಲು ಹೊರಗೆ ಬಂತು. ಓಡಿದವನು ಜೋಳದ ಹೊಲದ ನಡುವೆ ಹೋಗಿ ಕವುಚಿ ಮಲಗಿದ. ಇನ್ನೊಂದು ಕಾಲಿನ ಬೂಟನ್ನು ಅಲ್ಲೇ ಎಸೆದು ಸಂಜೆ ಬರಿಗಾಲಲ್ಲಿ ಊರಿಗೆ ಬಂದ. ಆ ದಿನಗಳಲ್ಲಿ ಅರ್ಧ ಊರು ಬರಿಗಾಲಲ್ಲೇ ಇತ್ತು, ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದವರು ತೇಯೊನನ್ನು ಅಗೆದು ತೆಗೆದಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಮಧ್ಯಾಹ್ನವೇ ತೊಲೆ ಎತ್ತಿದ್ದರೆ ಕಾಲು ಉಳಿಯುತ್ತಿತ್ತು ಅಂತ ವೈದ್ಯರು ಅಮ್ಮನಿಗೆ ಹೇಳಿದ್ದನ್ನು ಫೆರ್ಮಿನ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ.

ದೂಳಿನಲ್ಲಿ ತನ್ನ ಕೈಗೆ ಸಿಕ್ಕಿದ್ದು ಯಾರ ಕಾಲು ಎಂದು ತೇಯೊಗೆ ಗೊತ್ತಾಗಲಿಲ್ಲವೋ, ನೋವಿನಲ್ಲಿ ಮರೆತೇಹೋಯಿತೋ, ಅವನು ಒಂದು ದಿನವೂ ಅದರ ಸುದ್ದಿ ಎತ್ತಲಿಲ್ಲ. ಆ ವರ್ಷದ ಶುಭ ಶುಕ್ರವಾರ ಬಿದ್ದ ಗೋಡೆಗಳ ನಡುವೆಯೇ ಪಲ್ಲಕ್ಕಿ ಹೊರಟಿತು. ಫೆರ್ಮಿನ್ ಮೂರ್ತಿಯ ಕಾಲಿಗೆ ಹಣೆ ಒತ್ತಿ, "ಐವತ್ತು ಸಲ ನಿನ್ನ ಹೊರ್ತೀನಿ. ಆಮೇಲೆ ನನ್ನ ಕ್ಷಮಿಸು," ಎಂದ. ಇಪ್ಪತ್ತೆರಡರ ಹುಡುಗನಿಗೆ ಐವತ್ತೆಂದರೆ ಮುಗಿಯದಷ್ಟು ದೊಡ್ಡದು. ಮುಗಿಯದಷ್ಟು ದೊಡ್ಡದೇ ಬೇಕಿತ್ತು ಅವನಿಗೆ.

ಪಾದ್ರಿಯ ಬಳಿ ಪಾಪನಿವೇದನೆಗೆ ಅವನು ತಪ್ಪದೆ ಹೋಗುತ್ತಿದ್ದ. ಕೋಪ ಮಾಡಿದೆ, ಗಿರಾಕಿಗೆ ಹಳೇ ಚರ್ಮ ಹಾಕಿದೆ, ಪಕ್ಕದ ಮನೆಯವರನ್ನು ಬೈದೆ ಅಂತ ಚಿಲ್ಲರೆ ಪಾಪಗಳನ್ನೆಲ್ಲ ಹೇಳಿ, ಇದೊಂದನ್ನು ನುಂಗಿಕೊಂಡು ಬರುತ್ತಿದ್ದ. ಐವತ್ತು ತುಂಬಲಿ, ಆಮೇಲೆ ಹೇಳುತ್ತೇನೆ, ಬರಿಗೈಯಲ್ಲಿ ದೇವರ ಮುಂದೆ ಹೋಗಿ ನಿಲ್ಲುವುದು ಹೇಗೆ ಎಂಬುದು ಅವನ ಯೋಚನೆ. ಈ ನಡುವೆ ಕೈ ತುಂಬಿಸಿಕೊಳ್ಳುವುದಕ್ಕೆ ಅವನು ಮಾಡದ ಒಳ್ಳೆಯ ಕೆಲಸವಿಲ್ಲ. ಅನಾಥಾಲಯದ ಮಕ್ಕಳಿಗೆ ಪುಕ್ಕಟೆ ಬೂಟು, ದಿಕ್ಕಿಲ್ಲದವರು ಸತ್ತರೆ ಗುಂಡಿ ತೋಡುವುದು, ಕಾಯಿಲೆಯವರ ಪಕ್ಕ ಕೂರುವುದು. ತೇಯೊನನ್ನಂತೂ ಅಂಗೈಯಲ್ಲಿಟ್ಟು ನೋಡಿಕೊಂಡ. ಅವನಿಗೆ ಪ್ರತಿ ವರ್ಷ ಒಂಟಿ ಬೂಟು, ಬಲಗಾಲಿನದು, ಇರುವುದರಲ್ಲೇ ಒಳ್ಳೆಯ ಚರ್ಮದಲ್ಲಿ. ಹೆಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ಅವನಿಗೇ. ತಮ್ಮನಿಂದ ಒಂದು ಲೋಟ ನೀರನ್ನೂ ಇವನು ಮುಟ್ಟಿಸಿಕೊಂಡವನಲ್ಲ. ತೇಯೊ ಊರುಗೋಲು ಹಿಡಿದು ಕಾಫಿ ತಂದರೆ, "ನಿನಗ್ಯಾಕೋ ಈ ಉಸಾಬರಿ," ಎಂದು ಲೋಟ ಕಿತ್ತುಕೊಂಡು ಅವನನ್ನೇ ಕೂರಿಸಿ ಕುಡಿಸುತ್ತಿದ್ದ.

ಮದುವೆಯೂ ಆಗಲಿಲ್ಲ. ಒರಾಲಿಯಾ ಎಂಬ ಹುಡುಗಿ ಇವನಿಗಾಗಿ ನಾಲ್ಕು ವರ್ಷ ಕಾದಳು. ತಮ್ಮನನ್ನು ನೋಡಿಕೊಳ್ಳುವವರು ಯಾರು ಎಂದು ಇವನು ರಾಗ ಎಳೆದಾಗ, "ನಿನ್ನ ತಮ್ಮನಿಗೆ ಕಾಲಿಲ್ಲ, ನಾಲಿಗೆ ಇದೆ. ಮದುವೆ ಬೇಡ ಅಂತ ಅವನು ಹೇಳಿದ್ನಾ?" ಎಂದು ಕೇಳಿದಳು. ಇವನು ಮತ್ತೆ ಚರ್ಮ ಕೊಯ್ಯಲು ಕೂತ. ಅವಳು ಲಾರಿ ಓಡಿಸುವವನನ್ನು ಕಟ್ಟಿಕೊಂಡು ಬಂದರಿನ ಕಡೆ ಹೋದಳು. "ತಮ್ಮನಿಗಾಗಿ ಸಂಸಾರ ಬಿಟ್ಟ ಪುಣ್ಯಾತ್ಮ" ಎಂದು ಊರು ಹೊಗಳಿತು. ಒಬ್ಬೊಬ್ಬರು ಹೊಗಳಿದಾಗಲೂ ಫೆರ್ಮಿನ್‌ನ ಎಡಗಾಲಿನ ಹಿಮ್ಮಡಿ ತಣ್ಣಗಾಗುತ್ತಿತ್ತು.

ತೇಯೊ ಬೇರೆ ದಾರಿ ಹಿಡಿದಿದ್ದ. ಮೂವತ್ತರ ಸುಮಾರಿಗೆ ಓಣಿಯ ಕೊನೆಯ ತಗಡಿನ ಮಾಡಿನ ಪ್ರಾರ್ಥನಾ ಮನೆಗೆ ಸೇರಿಕೊಂಡ. ಅಲ್ಲಿ ಮೂರ್ತಿಯಿಲ್ಲ, ಪಲ್ಲಕ್ಕಿಯಿಲ್ಲ, ಗಿಟಾರು ಬಾರಿಸಿ ಹಾಡಿ, ಅತ್ತು, ಮನೆಗೆ ಬರುತ್ತಾರೆ. ತೇಯೊ ದೊಡ್ಡ ಭಕ್ತನೇನಲ್ಲ. ಫುಟ್‌ಬಾಲ್ ಇದ್ದ ದಿನ ಪ್ರಾರ್ಥನೆಗೆ ಚಕ್ಕರ್ ಹೊಡೆದು ರೇಡಿಯೊಗೆ ಕಿವಿ ಅಂಟಿಸಿ ಕೂರುವವನು. ಆದರೆ ಅಣ್ಣನನ್ನು ಕೆಣಕುವುದಕ್ಕೆ ಮಾತ್ರ ಅವನಿಗೆ ಅಲ್ಲಿಂದ ಬೇಕಾದಷ್ಟು ಸರಕು ಸಿಗುತ್ತಿತ್ತು.

"ಲೋ ಮಿಂಚೊ," ಅನ್ನುತ್ತಿದ್ದ, ಅಣ್ಣನನ್ನು ಚಿಕ್ಕಂದಿನ ಹೆಸರಿನಿಂದಲೇ ಕರೆದು, "ಕೃಪೆ ಅಂದ್ರೆ ಪುಕ್ಕಟೆ ಕಣೋ. ಕೊಡೋನು ಸುಮ್ನೆ ತಗೋ ಅಂತಾನೆ, ನೀನು ಒಳ್ಳೆ ಸಂತೇಲಿ ನಿಂತವನ ಥರ ಚೌಕಾಸಿ ಮಾಡ್ತಾ ಇದೀಯಲ್ಲ."

"ಪುಕ್ಕಟೆ ಸಿಗೋ ಚರ್ಮ ಕೊಳೆತಿರುತ್ತೆ. ನಾನು ಎಷ್ಟು ನೋಡಿಲ್ಲ," ಅನ್ನುತ್ತಿದ್ದ ಫೆರ್ಮಿನ್, ದಾರಕ್ಕೆ ಮೇಣ ತಿಕ್ಕುತ್ತಾ.

"ಹಂಗಾದ್ರೆ ಹೊರು. ಹೊತ್ತು ಹೊತ್ತು ಕುಳ್ಳಾಗು."

ಅದನ್ನು ತಮಾಷೆಗೆ ಅಂದಿದ್ದು. ಕೊನೆಗೆ ನಿಜವೇ ಆಯಿತು.

ಈ ವರ್ಷದ ಶುಭ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಫೆರ್ಮಿನ್‌ನ ಸರದಿ. ನೇರಳೆ ನಿಲುವಂಗಿ, ಬಿಳಿ ಕೈಗವಸು, ಒಳಗೆ ಮರ ಇಟ್ಟ ಬೂಟು. ನಡೆಯುವಾಗ ಕಾಲ್ಬೆರಳುಗಳೆಲ್ಲ ಮುಂದಕ್ಕೆ ಒತ್ತಿ ಜಜ್ಜಿಹೋಗುತ್ತಿದ್ದವು. ನೋಯಲಿ, ಕೊನೆಯ ಸಲ ತಾನೇ, ಇದೂ ಸೇರಲಿ ಅಂದುಕೊಂಡ. ಬೀದಿಯಲ್ಲಿ ಬಣ್ಣದ ಮರದ ಹೊಟ್ಟಿನಿಂದ ಹಾಕಿದ ರಂಗೋಲಿ ಉದ್ದಕ್ಕೂ ಹಾಸಿಕೊಂಡಿತ್ತು. ಧೂಪದ ಹೊಗೆ ಕಣ್ಣು ಉರಿಸುತ್ತಿತ್ತು. ಹಿಂದಿನಿಂದ ವಾದ್ಯದವರ ಶೋಕದ ರಾಗ. ಪಲ್ಲಕ್ಕಿ ಅತ್ತಿತ್ತ ತೂಗುತ್ತಾ ಹತ್ತಿರ ಬಂದು ನಿಂತಿತು. ಘಂಟೆ ಬಾರಿಸಿತು. ಹಳಬರು ಸರಿದರು, ಹೊಸಬರು ನುಗ್ಗಿದರು. ಫೆರ್ಮಿನ್ ಹದಿನೇಳನೆಯ ಜಾಗದಲ್ಲಿ ತೊಲೆಯ ಕೆಳಗೆ ಎಡಹೆಗಲು ಕೊಟ್ಟು, "ಸ್ವಾಮೀ, ಇದೊಂದು," ಅಂದ. ಇನ್ನೊಂದು ಘಂಟೆಗೆ ಪಲ್ಲಕ್ಕಿ ಎದ್ದಿತು.

ಎದ್ದದ್ದು ಅವನ ಹೆಗಲನ್ನೂ ಬಿಟ್ಟು ಮೇಲಕ್ಕೆ ಎದ್ದಿತು. ಮುಂದಿನವನ ಹೆಗಲ ಮೇಲಿತ್ತು, ಹಿಂದಿನವನ ಹೆಗಲ ಮೇಲಿತ್ತು. ಫೆರ್ಮಿನ್‌ನ ಹೆಗಲಿಗೂ ತೊಲೆಗೂ ನಡುವೆ ನಾಲ್ಕು ಬೆರಳು ತೂರಿಸುವಷ್ಟು ಜಾಗ ಇತ್ತು.

ಕೋಲಿಗೆ ಒರಗಿ ಒಂದು ನಿಮಿಷ ನೆಟ್ಟಗೆ ನಿಲ್ಲುವುದು ಬೇರೆ, ಕಲ್ಲುಹಾಸಿನ ಬೀದಿಯಲ್ಲಿ ನಡೆಯುವುದು ಬೇರೆ. ನಡೆದ ಕೂಡಲೇ ಬೆನ್ನು ತನ್ನ ಹಳೆಯ ಗೂನಿಗೆ ಬಂದು ಕೂತಿತು. ಈ ಮನುಷ್ಯ ಊರಿಗೆಲ್ಲ ಅಳತೆ ತೆಗೆದು ಬೂಟು ಹೊಲಿದವನು, ಬೆನ್ನನ್ನು ಲೆಕ್ಕಕ್ಕೆ ಹಿಡಿಯದೆ ಕಾಲನ್ನಷ್ಟೇ ಎತ್ತರ ಮಾಡಿಕೊಂಡಿದ್ದ. ತುದಿಗಾಲಲ್ಲಿ ನಡೆದ. ತಾಗಲಿಲ್ಲ. ಕತ್ತು ಓರೆ ಮಾಡಿ ಹೆಗಲನ್ನು ಮೇಲಕ್ಕೆ ತಳ್ಳಿದ. ತೊಲೆಯ ಮೆತ್ತೆ ಕಿವಿಗೆ ಸವರಿತೇ ಹೊರತು ಹೆಗಲಿಗೆ ಬರಲಿಲ್ಲ. ಎರಡೂ ಕೈ ಎತ್ತಿ ತೊಲೆಯನ್ನು ಹಿಡಿದು ಕೆಳಕ್ಕೆ ಎಳೆದ, ನನ್ನ ಮೇಲೆ ಬೀಳು, ಒಂದಿಷ್ಟಾದರೂ ಬೀಳು ಎಂದು. ಎಪ್ಪತ್ತೊಂಬತ್ತು ಗಂಡಸರು ಎತ್ತಿದ್ದನ್ನು ಅವನೊಬ್ಬ ಇಳಿಸಲಾದೀತೇ?

"ದೋನ್ ಫೆರ್ಮಿನ್, ಜೋತು ಬೀಳ್ಬೇಡಿ ಮಾರಾಯ್ರೇ, ನಮಗೆ ಇನ್ನೂ ಭಾರ ಆಗುತ್ತೆ," ಎಂದು ಹಿಂದಿನಿಂದ ದನಿ ಬಂತು. ಬೇಕರಿಯ ವಿಲ್ಮರ್, ಎತ್ತಿನಂಥ ಆಳು, ಮುಖದ ತುಂಬ ಬೆವರು.

"ತಾಗ್ತಾ ಇಲ್ಲಪ್ಪಾ ವಿಲ್ಮರ್. ನನಗೆ ತಾಗ್ತಾ ಇಲ್ಲ."

"ಗೊತ್ತು ಬಿಡಿ. ಹಿಂದಿನ ಮೂರು ವರ್ಷವೂ ತಾಗಿರ್ಲಿಲ್ಲ. ನಿಮ್ಮ ಪಾಲು ನಾವೇ ಹೊರ್ತಿದೀವಿ. ನೀವು ಆರಾಮಾಗಿ ಕೆಳಗೆ ನಡೀರಿ."

ಅವನು ಪ್ರೀತಿಯಿಂದಲೇ ಹೇಳಿದ್ದು. ಫೆರ್ಮಿನ್‌ಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಮೂರು ವರ್ಷ! ಹಾಗಾದರೆ ಐವತ್ತೂ ಅಲ್ಲ, ನಲವತ್ತೊಂಬತ್ತೂ ಅಲ್ಲ, ನಲವತ್ತಾರು. ಹೋದ ವರ್ಷ ಹೆಗಲಿಗೆ ಮೆತ್ತೆ ಸವರಿದ್ದನ್ನೇ ಭಾರ ಎಂದುಕೊಂಡು ಇವನು ಹಲ್ಲು ಕಚ್ಚಿ ನಡೆದಿದ್ದ, ಮನೆಗೆ ಹೋಗಿ ಹೆಗಲಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಂಡಿದ್ದ. ಇನ್ನೂ ನಾಲ್ಕು ಸಲ ಹೊರಬೇಕು. ಯಾವ ಹೆಗಲಿನಿಂದ? ಬೀದಿ ಮುಗಿಯುವವರೆಗೆ ಅವನು ಆ ದೊಡ್ಡ ಮರದ ನೆರಳಿನಲ್ಲಿ ಬರಿಹೆಗಲು ಹೊತ್ತುಕೊಂಡು ನಡೆದ. ಅಂಚಿನಲ್ಲಿ ನಿಂತ ಹೆಂಗಸರು ಇವನನ್ನು ನೋಡಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಈ ವಯಸ್ಸಿನಲ್ಲೂ ಹೊರುತ್ತಾನಲ್ಲ, ಎಂದು.

ಸರದಿ ಮುಗಿದ ಕೂಡಲೇ ಮಕಾರಿಯೊನನ್ನು ಹುಡುಕಿ ತೋಳು ಹಿಡಿದುಕೊಂಡ. "ಇನ್ನೊಂದು ಸರದಿ ಕೊಡಿ. ಎಲ್ಲಾದ್ರೂ ಕೊಡಿ. ತೀರ ಕುಳ್ಳರ ಸಾಲಿಗೆ ಹಾಕಿ. ದಮ್ಮಯ್ಯ."

"ಅದಕ್ಕಿಂತ ಕೆಳಗೆ ಸಾಲು ಇಲ್ಲ ದೋನ್ ಫೆರ್ಮಿನ್."

"ಮಕ್ಕಳದ್ದು ಇದೆಯಲ್ಲ?"

ಮಕಾರಿಯೊ ನಗಲಿಲ್ಲ. "ಅದು ಹೋದ ವಾರವೇ ಮುಗೀತು," ಅಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮ ಬೂಟು ನನಗೆ ಕಾಣ್ಲಿಲ್ಲ ಅಂದ್ಕೊಂಡ್ರಾ? ಇಪ್ಪತ್ತು ವರ್ಷದಿಂದ ಹೆಗಲು ಅಳೀತಿದೀನಿ. ಕೆಳಗೆ ನಡೆದ್ರೂ ಸಾಕು, ಮುದುಕನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಬರ್ದೆ. ಮನೆಗೆ ಹೋಗಿ ಕಾಲು ಚಾಚ್ಕೊಳ್ಳಿ."

ಎಲ್ಲರಿಗೂ ಗೊತ್ತಿತ್ತು. ಫೆರ್ಮಿನ್ ಜನದ ನಡುವಿನಿಂದ ಹೊರಬಿದ್ದು ಎಲ್ಲಿಗೆ ಎಂದಿಲ್ಲದೆ ನಡೆದ. ಇಗರ್ಜಿಗೆ ಹೋಗೋಣವೆಂದರೆ ಕೈಯಲ್ಲಿ ಏನಿದೆ? ಅರ್ಧ ಬಿಟ್ಟ ಹರಕೆ, ಮೋಸದ ಬೂಟು, ಒಂದು ಹಳೆಯ ಸುಳ್ಳು. ಸಾಯುವುದಕ್ಕೆ ಅವನಿಗೆ ಭಯವಿರಲಿಲ್ಲ. ಸತ್ತ ಮೇಲೆ ಯಾರೋ, "ನಿನ್ನ ಎಡಗಾಲಿನ ಬೂಟು ಎಲ್ಲಿ?" ಎಂದು ಕೇಳುತ್ತಾರೆ, ಆಗ ತೋರಿಸುವುದಕ್ಕೆ ಐವತ್ತು ಚೀಟಿ ಇರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಅವನು ಇಷ್ಟು ವರ್ಷ ಉಂಡಿದ್ದ, ಮಲಗಿದ್ದ. ಈಗ ಕೇಳಿದರೆ ಏನು ತೋರಿಸುವುದು? ಊರ ಹೊರಗಿನ ಕಾರಂಜಿಯ ಕಟ್ಟೆಯ ಮೇಲೆ ಕೂತು, ನಿಲುವಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು, ದೊಡ್ಡ ದನಿ ತೆಗೆದು ಅತ್ತ. ಬಿಸಿಲು ನೆತ್ತಿಗೆ ಬಂದಿತ್ತು. ಅಂಥದೇ ಮಧ್ಯಾಹ್ನ ಅದು, ಜೋಳದ ಹೊಲದಲ್ಲಿ ಕವುಚಿ ಮಲಗಿದಂಥದು. ಐವತ್ತು ವರ್ಷ ನಡೆದೂ ತಾನು ಆ ಹೊಲ ಬಿಟ್ಟು ಎದ್ದೇ ಇಲ್ಲ ಅನ್ನಿಸಿತು.

ಇನ್ನು ಬಚ್ಚಿಟ್ಟು ಮಾಡುವುದಾದರೂ ಏನು? ಎದ್ದು ಮನೆಗೆ ಹೋದ.

ತೇಯೊ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬೆಲ್ಲದ ಪಾಕದಲ್ಲಿ ಬೇಯಿಸಿದ ಕಡಲೆಯ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದ. ಊರುಗೋಲು ಗೋಡೆಗೆ ಒರಗಿತ್ತು.

"ಬಂದ್ಯಾ? ಆಯ್ತಾ ಐವತ್ತು? ಇನ್ನು ನನ್ನ ಪ್ರಾಣ ತಿನ್ನಲ್ಲ ತಾನೇ?"

"ಆಗ್ಲಿಲ್ಲ."

ತೇಯೊ ಅಣ್ಣನ ಮುಖ ನೋಡಿ ಚಮಚ ಕೆಳಗಿಟ್ಟ.

ಫೆರ್ಮಿನ್ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. "ತೇಯೊ, ಅವತ್ತು ನಾನು ನೀರಿಗೆ ಹೋಗಿರ್ಲಿಲ್ಲ. ಒಳಗೇ ಇದ್ದೆ. ನೀನು ಕಾಲು ಹಿಡ್ಕೊಂಡಿದ್ದು ನಂದು. ನಾನು ಎಳ್ಕೊಂಡೆ. ಕೂಗಿದ್ದೂ ಕೇಳಿಸ್ತು. ಎಳ್ಕೊಂಡು ಓಡಿದೆ."

"ಗೊತ್ತು," ಅಂದ ತೇಯೊ.

"ಏನು ಗೊತ್ತು?"

"ಎಡಗಾಲು. ಕಂದು ಬೂಟು, ಹಿಮ್ಮಡಿ ಹತ್ರ ನೀನೇ ಹಾಕಿದ್ದ ತೇಪೆ. ಸಂಜೆ ತನಕ ಕೈಯಲ್ಲಿ ಅದನ್ನೇ ಹಿಡ್ಕೊಂಡು ಬಿದ್ದಿದ್ದೆ, ಗೊತ್ತಾಗದೆ ಇರುತ್ತಾ? ಹೊರಗೆ ತೆಗೆದಾಗ ಅಮ್ಮ ಕೇಳಿದ್ಲು, ಇದು ಯಾರ ಬೂಟು ಅಂತ. ನಂದು ಅಂದೆ."

ಫೆರ್ಮಿನ್ ಗೋಡೆಗೆ ಕೈ ಕೊಟ್ಟು ನಿಂತ. ಈ ಮಾತು ಕೇಳಿದರೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

"ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ? ನಾನು ಇಲ್ಲಿ ಹೆಗಲು ಮುರ್ಕೊಂಡು ಸಾಯ್ತಾ ಇದ್ರೆ, ಕೂತು ಕಡಲೆ ತಿನ್ತಾ ನೋಡ್ತಿದ್ಯಾ? ಯಾವಾಗ್ಲೋ ಕ್ಷಮಿಸಿದ್ದೀಯ ಅಂದ್ರೆ ನಾನು ಹೊತ್ತಿದ್ದು ಯಾತಕ್ಕೆ? ಹೇಳು! ಯಾತಕ್ಕೆ?"

"ಯಾತಕ್ಕೂ ಅಲ್ಲ."

"ಹಂಗನ್ಬೇಡ."

"ಅದು ನಿಜ ಕಣೋ. ನಾನು 'ನಂದು' ಅಂದಾಗ ನೀನಿನ್ನೂ ಪಲ್ಲಕ್ಕಿ ಕೆಳಗೆ ಹೋಗೇ ಇರ್ಲಿಲ್ಲ." ತೇಯೊ ಬೋಗುಣಿಯನ್ನು ಪಕ್ಕಕ್ಕಿಟ್ಟ. ಅವನ ದನಿಯಲ್ಲಿ ಕೀಟಲೆ ಇರಲಿಲ್ಲ. "ನಾನೇನು ದೊಡ್ಡ ಸಂತ ಅಲ್ಲ, ಕೇಳು. ನಂದು ಅಂದೆ, ಆದ್ರೆ ಆಮೇಲೆ ಮೂರು ನಾಲ್ಕು ವರ್ಷ ನಿನ್ನ ಚರ್ಮ ಕೊಯ್ಯೋ ಚಾಕು ನೋಡಿದಾಗೆಲ್ಲ ನಿನ್ನ ಕಾಲೂ ಕೊಯ್ಯೋಣ ಅನ್ನಿಸ್ತಿತ್ತು. ಒಂದು ದಿನ ನೋಡ್ತೀನಿ, ಆ ಸಿಟ್ಟು ಇಲ್ಲ. ನಾನು ತೆಗೆದಿದ್ದಲ್ಲ, ನನ್ನಂಥವನ ಕೈಲಿ ಅದು ಆಗೋದೂ ಇಲ್ಲ. ಕೃಪೆ ಅಂತೀನಲ್ಲ, ಅದು ತಾನಾಗಿ ಸಿಕ್ತು. ಅವತ್ತೇ ನಿನಗೆ ಹೇಳ್ಬೇಕಿತ್ತು."

"ಮತ್ತೆ?"

ತೇಯೊ ತನ್ನ ಒಂಟಿ ಬೂಟನ್ನು ನೋಡಿಕೊಂಡ. "ಆಗ ಒರಾಲಿಯಾ ಬಂದು ಹೋಗ್ತಿದ್ಲು. ಹೇಳಿದ್ರೆ ನೀನು ನಿರಾಳ ಆಗಿ ಅವಳನ್ನ ಕಟ್ಕೊಂಡು ಹೋಗಿಬಿಡ್ತೀಯ ಅಂತ ಭಯ ಆಯ್ತು. ಸುಮ್ನಿದ್ದೆ. ಆಮೇಲೆ ಅಭ್ಯಾಸ ಆಗೋಯ್ತು. ಬಿಸಿ ರೊಟ್ಟಿ, ಹೊಸ ಬೂಟು, ಯಾರಿಗೆ ಬೇಡ? ಕೃಪೆ ಕೃಪೆ ಅಂತ ನಿನಗೆ ಬೋಧನೆ ಬೇರೆ ಮಾಡ್ತಿದ್ದೆ, ಹೇಳ್ಬೇಕಾದ ಒಂದು ಮಾತು ಮಾತ್ರ ಹೇಳ್ಲಿಲ್ಲ. ನೀನು ಅವತ್ತು ಕಾಲು ಎಳ್ಕೊಂಡೆ, ಮಿಂಚೊ. ನಾನು ಅವತ್ತಿಂದ ಇವತ್ತಿನ ತನಕ ಬಿಟ್ಟೇ ಇಲ್ಲ."

ಫೆರ್ಮಿನ್‌ಗೆ ಒರಾಲಿಯಾ ಕೊನೆಯ ಸಲ ಬಂದ ದಿನ ಉಟ್ಟಿದ್ದ ಹಸಿರು ಲಂಗ ನೆನಪಾಯಿತು. ತಮ್ಮನ ಕೊರಳು ಹಿಸುಕುವಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಹೇಳಲಾರದ ದಣಿವು ಬಂತು. ಕೆಲಸದ ಬೆಂಚಿನ ಮೇಲೆ ಕುಸಿದು ಕೂತ. ಎದುರಿನ ಗೋಡೆಯಲ್ಲಿ ನಲವತ್ತೊಂಬತ್ತು ಚೀಟಿಗಳು ಮೊಳೆಗೆ ನೇತಾಡುತ್ತಿದ್ದವು. ಐವತ್ತನೆಯದು ಜೇಬಿನಲ್ಲಿ ಬೆವರಿಗೆ ಒದ್ದೆಯಾಗಿತ್ತು. ಅಷ್ಟನ್ನೂ ಸೇರಿಸಿದರೆ ಒಂದು ಬೂಟಿನ ತೂಕ ಬರುವುದಿಲ್ಲ ಎಂದು ಅವನಿಗೆ ಕಾಣಿಸಿತು.

"ಲೋ, ನಿನ್ನ ಕಾಲ್ಚೀಲದಲ್ಲಿ ರಕ್ತ," ಅಂದ ತೇಯೊ.

ಜಜ್ಜಿದ ಬೆರಳುಗಳಿಂದ ಒಸರಿದ್ದು ಬೂಟಿನ ಅಂಚಿಗೆ ಬಂದಿತ್ತು. ಫೆರ್ಮಿನ್ ಬಗ್ಗಿ ಲಾಡಿ ಬಿಚ್ಚಲು ನೋಡಿದ, ಗಂಟು ಬಿಗಿದು ಕೂತಿತ್ತು. ಅಷ್ಟರಲ್ಲಿ ತೇಯೊ ಒಲೆಯ ಮೇಲಿದ್ದ ಬಿಸಿನೀರನ್ನು ಇನ್ನೊಂದು ಬೋಗುಣಿಗೆ ಬಗ್ಗಿಸಿ, ಊರುಗೋಲಿನ ಜೊತೆಗೇ ಅದನ್ನೂ ಹಿಡಿದುಕೊಂಡು, ಅರ್ಧ ಚೆಲ್ಲುತ್ತಾ ಬಂದ. ಬೆಂಚಿನ ಕಾಲು ಹಿಡಿದು ಒಂದೊಂದೇ ಕೀಲು ಬಗ್ಗಿಸಿ ನೆಲಕ್ಕೆ ಇಳಿದ. ಅವನು ಹಾಗೆ ನೆಲಕ್ಕೆ ಇಳಿದಿದ್ದನ್ನು ಫೆರ್ಮಿನ್ ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಏಳು, ಏಳು. ನಿನಗ್ಯಾಕೋ ಈ ಉಸಾಬರಿ. ನಾನೇ ತೆಗೀತೀನಿ."

"ಸುಮ್ನೆ ಕೂತ್ಕೋ."

"ಬೇಡ ತೇಯೊ. ಇದಕ್ಕೆ ನಾನು ನಿನಗೇನು ಮಾಡ್ಲಿ?"

"ಏನೂ ಮಾಡ್ಬೇಡ. ಅದೇ ಕಷ್ಟ, ನನಗೂ ಗೊತ್ತು. ಕೂತ್ಕೋ."

ಬಲಗಾಲಿನ ಬೂಟು ಬಂತು. ಒಳಗಿನ ಮರದ ತುಂಡು ನೆಲಕ್ಕೆ ಬಿದ್ದು ಉರುಳಿತು. ತೇಯೊ ಅದನ್ನು ಎತ್ತಿ ನೋಡಿ, "ಕೆಲಸ ಮಾತ್ರ ಚೆನ್ನಾಗಿ ಮಾಡಿದೀಯ ಕಳ್ಳ," ಎಂದು ಬದಿಗಿಟ್ಟ. ಆಮೇಲೆ ಎಡಗಾಲಿಗೆ ಕೈ ಹಾಕಿದ. ಬೂಟು ರಕ್ತಕ್ಕೆ ಅಂಟಿಕೊಂಡಿತ್ತು. ಹಿಮ್ಮಡಿಯ ಹಿಂದೆ ಅವನ ಐದೂ ಬೆರಳು ಬಿಗಿಯಾಗಿ ಸುತ್ತಿಕೊಂಡವು. ಅದೇ ಹಿಡಿತ. ಐವತ್ತು ವರ್ಷ ಫೆರ್ಮಿನ್ ಮರೆಯದ ಹಿಡಿತ. ತೊಡೆಯಿಂದ ಪಾದದವರೆಗೆ ನರಗಳೆಲ್ಲ ತಾವಾಗಿಯೇ ಸೆಟೆದುಕೊಂಡವು. ಬೀದಿಯ ಆ ಕೊನೆಯಲ್ಲಿ ಪಲ್ಲಕ್ಕಿ ಇಗರ್ಜಿಗೆ ಹಿಂದಿರುಗುತ್ತಿತ್ತು, ಎಂಬತ್ತು ಮಂದಿಯ ಕಾಲುಗಳು ಕಲ್ಲಿಗೆ ಸವೆಯುವ ಸದ್ದು ಮನೆಯೊಳಗೆ ಬರುತ್ತಿತ್ತು.

"ನೋಯುತ್ತಾ?" ಅಂದ ತೇಯೊ.

"ನೋಯುತ್ತೆ," ಅಂದ ಫೆರ್ಮಿನ್. ಆದರೆ ಈ ಸಲ ಅವನು ಕಾಲು ಎಳೆದುಕೊಳ್ಳಲಿಲ್ಲ.